ಮನೆಮಂದಿಗೆಲ್ಲ ಕೋವಿಡ್ ಪಾಸಿಟಿವ್. ಊಟಕ್ಕೆ ಏನು ಮಾಡೋದು, ಏನು ಬಿಡೋದು?

ತುಂಗಾತೀರ | 12 ಮೇ 2021
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಬರೆಯುತ್ತಿದ್ದೇನೆ. ಮನೆಯಲ್ಲಿ ಅಪ್ಪ, ಅಮ್ಮ, ತಂಗಿ, ನಾನು. ನಾಲ್ವರಿಗೂ ಪಾಸಿಟಿವ್ ಬಂದಿದೆ. ಅಪ್ಪನಿಗೆ ಬಿಪಿ, ಅಮ್ಮನಿಗೆ ಶುಗರ್. ಸದ್ಯಕ್ಕೆ ಯಾರಿಗೂ ಉಸಿರಿನ ತೊಂದರೆ ಇಲ್ಲ, ಆಕ್ಸಿಜನ್ 96ರ ಮೇಲೇ ಇದೆ. ಡಾಕ್ಟರು ಫೋನಿನಲ್ಲೇ ಮಾತ್ರೆ ಹೇಳಿ, ಮನೆಯಲ್ಲೇ ಇರಿ ಅಂದಿದ್ದಾರೆ.

ಮಾತ್ರೆ ವಿಷಯ ಸರಿ. ತಲೆ ಕೆಡ್ತಿರೋದು ಊಟದ ವಿಷಯಕ್ಕೆ. ದೊಡ್ಡಮ್ಮ ಫೋನ್ ಮಾಡಿ ಮೊಸರು, ಬಾಳೆಹಣ್ಣು ಮುಟ್ಟಲೇಬೇಡಿ, ಶೀತ ಅಂತಾರೆ. ಮಾವ ದಿನಕ್ಕೆ ಐದು ಸಲ ಕಷಾಯ ಕುಡೀರಿ ಅಂತಾರೆ. ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಕಿವಿ ಹಣ್ಣು ತಿನ್ನಿ, ಕ್ಷಾರ ಗುಣದ ಆಹಾರ ತಿಂದರೆ ವೈರಸ್ ಸಾಯುತ್ತೆ ಅಂತ ದೊಡ್ಡ ಪಟ್ಟಿ ಬಂದಿದೆ. ಅಮ್ಮನಿಗೋ ಏನೂ ಸೇರ್ತಿಲ್ಲ. ಎರಡು ಸೌಟು ಗಂಜಿ ಕುಡಿದು ಸಾಕು ಅಂತ ತಟ್ಟೆ ಪಕ್ಕಕ್ಕೆ ಸರಿಸಿಬಿಡ್ತಾರೆ. ನಿಂತು ಅಡುಗೆ ಮಾಡೋ ತ್ರಾಣ ನಮ್ಮಲ್ಲಿ ಯಾರಿಗೂ ಇಲ್ಲ. ಲಾಕ್‌ಡೌನ್ ಅಂತ ಅಂಗಡಿ ಬೆಳಗ್ಗೆ 6ರಿಂದ 10ರವರೆಗೆ ಮಾತ್ರ, ಅದೂ ನಾವು ಹೊರಗೆ ಕಾಲಿಡೋ ಹಾಗಿಲ್ಲ. ಇದನ್ನು ದಾಟಿ ಬಂದವರು ಹೇಳಿ, ನೀವು ನಿಜವಾಗಿ ಏನು ತಿಂದಿರಿ?

ಒಗ್ಗರಣೆ_ಅಕ್ಕ
ಮೊದಲು ಧೈರ್ಯವಾಗಿರಿ. ನಮ್ಮ ಮನೆಯಲ್ಲಿ ಕಳೆದ ತಿಂಗಳು ಇದೇ ಕಥೆ. ಕುಕ್ಕರ್ ಒಂದಿದ್ದರೆ ಸಾಕು. ಅಕ್ಕಿಗೆ ಸಮ ಸಮ ಹೆಸರುಬೇಳೆ, ಮನೆಯಲ್ಲಿ ಇರೋ ತರಕಾರಿ, ಜೀರಿಗೆ, ಚೂರು ಶುಂಠಿ, ಅರಿಶಿನ, ಉಪ್ಪು. ನಾಲ್ಕು ವಿಸಿಲ್. ಮೇಲೆ ಒಂದು ಚಮಚ ತುಪ್ಪ. ಬೆಳಗ್ಗೆ ಮಾಡಿದ್ದನ್ನೇ ಸಂಜೆಗೆ ಬಿಸಿನೀರು ಹಾಕಿ ಸಡಿಲ ಮಾಡಿಕೊಂಡರಾಯಿತು. ಮೊಸರು ನಾವಂತೂ ತಿಂದೆವು, ಏನೂ ಆಗಲಿಲ್ಲ.

ಕಷಾಯಪ್ರಿಯ
ಮೊಸರು ರಾತ್ರಿ ಬೇಡ ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಕಫ ಜಾಸ್ತಿ ಆಗುತ್ತೆ. ನೀವು ತುಳಸಿ, ಕಾಳುಮೆಣಸು, ಶುಂಠಿ, ಚಕ್ಕೆ, ಅತಿಮಧುರ, ಅಮೃತಬಳ್ಳಿ ಎಲ್ಲ ಹಾಕಿ ಚೆನ್ನಾಗಿ ಬತ್ತಿಸಿ, ದಿನಕ್ಕೆ ನಾಲ್ಕೈದು ಸಲ ಕುಡೀರಿ. ನಮ್ಮ ಮನೆಯಲ್ಲಿ ಕಳೆದ ವರ್ಷದಿಂದ ಕುಡೀತಿದ್ದೇವೆ, ಒಬ್ಬರಿಗೂ ಬಂದಿಲ್ಲ.

ಲೆಕ್ಕದ_ಮೇಷ್ಟ್ರು
ನಮ್ಮ ಪಕ್ಕದ ಮನೆಯವರು ಕಷಾಯ ಕುಡಿದಿಲ್ಲ, ಅವರಿಗೂ ಬಂದಿಲ್ಲ. ಇದರಿಂದ ಏನು ಸಾಬೀತಾಯಿತು ಸಾರ್?

ಬಿಳಿಕೋಟು
ನಾನು ಆಸ್ಪತ್ರೆಯೊಂದರಲ್ಲಿ ಡಯಟಿಶಿಯನ್. ಡ್ಯೂಟಿ ಮುಗಿಸಿ ಬಂದು ಬರೀತಿದ್ದೇನೆ, ಸ್ವಲ್ಪ ಉದ್ದ ಆಗಬಹುದು.

ತುಂಗಾತೀರ ಅವರೇ, ಯಾವ ಹಣ್ಣೂ, ಯಾವ ಕಷಾಯವೂ ವೈರಸ್ಸನ್ನು ಕೊಲ್ಲೋದಿಲ್ಲ. ಊಟದ ಕೆಲಸ ಬೇರೆ. ಜ್ವರ ಬಂದಾಗ ಮೈ ಜಾಸ್ತಿ ಖರ್ಚು ಮಾಡುತ್ತೆ, ನಾವು ಮಾತ್ರ ಕಡಿಮೆ ತಿಂತೀವಿ. ಆ ಕೊರತೆಯನ್ನು ಮೈ ಎಲ್ಲಿಂದ ತುಂಬಿಕೊಳ್ಳುತ್ತೆ? ಸ್ನಾಯು ಕರಗಿಸಿ. ಆಮೇಲೆ ಎದ್ದು ನಿಲ್ಲೋಕೇ ಆಗಲ್ಲ ಅಂತ ಜನ ಒದ್ದಾಡೋದು ಬಹುಮಟ್ಟಿಗೆ ಇದಕ್ಕೇ.

ಆರೋಗ್ಯವಾಗಿ ಇರೋರಿಗೆ ಮೈತೂಕದ ಕೆಜಿಗೆ ಸುಮಾರು 0.8 ಗ್ರಾಂ ಪ್ರೋಟೀನ್ ಸಾಕು. ಕಾಯಿಲೆ ಇದ್ದಾಗ 1 ಗ್ರಾಂ, ಅದಕ್ಕಿಂತ ಸ್ವಲ್ಪ ಮೇಲೆ ಅಂತ ಇಟ್ಟುಕೊಳ್ಳಿ. ಅರವತ್ತು ಕೆಜಿ ಇರೋರಿಗೆ 60 ಗ್ರಾಂ ಆಯಿತು. ಬರೀ ಗಂಜಿ, ತಿಳಿಸಾರಿನಲ್ಲಿ ದಿನ ಕಳೆದರೆ 20 ಗ್ರಾಂ ದಾಟೋದೂ ಕಷ್ಟ. ಒಂದು ಮೊಟ್ಟೆಯಲ್ಲಿ 6 ಗ್ರಾಂ. ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ. ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ 7. ಅಕ್ಕ ಹೇಳಿದ ಹೆಸರುಬೇಳೆ ಹುಗ್ಗಿ ಯಾಕೆ ಒಳ್ಳೇದು ಅಂದರೆ, ಪ್ರೋಟೀನಿನ ಅಂಶಗಳಲ್ಲಿ ಅಕ್ಕಿಯಲ್ಲಿ ಕಡಿಮೆ ಇರೋದು ಬೇಳೆಯಲ್ಲಿದೆ, ಬೇಳೆಯಲ್ಲಿ ಕಡಿಮೆ ಇರೋದು ಅಕ್ಕಿಯಲ್ಲಿದೆ.

ಅಮ್ಮನಿಗೆ ಒಂದೇ ಸಲ ತಟ್ಟೆ ತುಂಬ ಬಡಿಸಬೇಡಿ. ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕೊಡಿ. ಗಂಜಿಯೇ ಬೇಕು ಅಂದರೆ ಅದನ್ನೇ ಗಟ್ಟಿ ಮಾಡಿ: ಬೇಯಿಸಿದ ಬೇಳೆ ಮಸೆದು ಹಾಕಿ, ಹುರಿದ ಕಡಲೆಬೀಜದ ಪುಡಿ ಹಾಕಿ, ಒಂದು ಚಮಚ ತುಪ್ಪ. ನೋಡೋಕೆ ಎರಡು ಸೌಟೇ, ಒಳಗೆ ಹೋಗೋದು ದುಪ್ಪಟ್ಟು. ಮೊಸರು, ಬಾಳೆಹಣ್ಣು ಬಿಡೋಕೆ ಕಾರಣವೇ ಇಲ್ಲ. ಅಮ್ಮನಿಗೆ ಶುಗರ್ ಇರೋದರಿಂದ ಬಾಳೆಹಣ್ಣು ಅರ್ಧ ಸಾಕು. ಫ್ರಿಜ್ಜಿನಿಂದ ತೆಗೆದ ಮೊಸರು ಗಂಟಲಿಗೆ ಹಿತ ಅನ್ನಿಸದಿದ್ದರೆ ಹೊರಗಿಟ್ಟು ಆಮೇಲೆ ತಿನ್ನಿ.

ಅಪ್ಪನಿಗೆ ಬಿಪಿ ಅಂದಿರಿ. ಕಷಾಯಪ್ರಿಯ ಅವರ ಪಟ್ಟಿಯಲ್ಲಿರೋ ಅತಿಮಧುರ ದಿನಾ ಹೋದರೆ ಬಿಪಿ ಏರುತ್ತೆ, ಪೊಟ್ಯಾಸಿಯಂ ಇಳಿಯುತ್ತೆ. ದಯವಿಟ್ಟು ಅದೊಂದು ಬೇಡ.

ಕಷಾಯಪ್ರಿಯ
ಸಾವಿರಾರು ವರ್ಷದ ಪದ್ಧತಿಗೆ ಈಗ ಡಯಟಿಶಿಯನ್ ಸರ್ಟಿಫಿಕೇಟ್ ಬೇಕಾ? ಆಯುಷ್ ಸಚಿವಾಲಯವೇ ಕಷಾಯ ಕುಡೀರಿ ಅಂದಿದೆ, ಓದಿ.

ಲೆಕ್ಕದ_ಮೇಷ್ಟ್ರು
ಓದಿದ್ದೇನೆ. ಅದರಲ್ಲಿ ಇರೋದು ತುಳಸಿ, ಚಕ್ಕೆ, ಕಾಳುಮೆಣಸು, ಒಣಶುಂಠಿ, ಒಣದ್ರಾಕ್ಷಿ. ದಿನಕ್ಕೆ ಒಂದು ಅಥವಾ ಎರಡು ಸಲ. ನಾಲ್ಕೈದು ಸಲ ಅಂತ ಸಚಿವಾಲಯ ಹೇಳಿಲ್ಲ, ನೀವು ಹೇಳ್ತಿರೋದು. ಅತಿಮಧುರವೂ ಅದರಲ್ಲಿಲ್ಲ.

ಮಂಡ್ಯದ_ಹೈದ
ಹಹ್ಹ, ಮೇಷ್ಟ್ರು ಬಿಡೋ ಪೈಕಿ ಅಲ್ಲ.

ತುಂಗಾತೀರ ಅಣ್ಣ, ನಾಟಿಕೋಳಿ ಸಾರು ಮಾಡಿಸಿಕೊಳ್ಳಿ. ಕಾಳುಮೆಣಸು ಮುಂದಾಗಿ, ತೆಳ್ಳಗೆ. ನಮ್ಮಪ್ಪಂಗೆ ಬಾಯಿಗೆ ಏನೂ ಹಿಡೀದೇ ಇದ್ದಾಗ ಅದೊಂದೇ ಇಳಿದಿದ್ದು. ಜೊತೆಗೆ ಪುಟ್ಟ ಮುದ್ದೆ. ಹೋದ ವರ್ಷ ಇದೇ ಜನ ಕೋಳಿಯಿಂದ ಕೊರೊನಾ ಅಂತ ಹಬ್ಬಿಸಿ ಫಾರಂನೋರನ್ನ ಮುಳುಗಿಸಿದರು. ಗೋಕಾಕ ಕಡೆ ಗುಂಡಿ ತೋಡಿ ಕೋಳಿ ಮುಚ್ಚಿದ ವಿಡಿಯೊ ನೆನಪಿದೆಯಾ? ಈಗ ಅವರೇ ಬೆಳಗ್ಗೆ ಆರಕ್ಕೆ ಕೋಳಿ ಅಂಗಡಿ ಮುಂದೆ ಕ್ಯೂ.

ಒಗ್ಗರಣೆ_ಅಕ್ಕ
@ಮಂಡ್ಯದ_ಹೈದ ಅವರ ಮನೆಯಲ್ಲಿ ಮಾಂಸ ತಿಂತಾರೋ ಇಲ್ಲವೋ ಕೇಳಿ ಹೇಳಪ್ಪಾ.

ತುಂಗಾತೀರ
ಮೊಟ್ಟೆ ತಿಂತೀವಿ ಅಕ್ಕ. ಅಮ್ಮ ಅದೂ ಇಲ್ಲ. ಬಿಳಿಕೋಟು ಮೇಡಂ, ತುಂಬಾ ಥ್ಯಾಂಕ್ಸ್. ಗಂಜಿಗೆ ಕಡಲೆಬೀಜದ ಪುಡಿ ಹಾಕಿ ಕೊಟ್ಟೆ, ಬಟ್ಟಲು ಖಾಲಿ ಮಾಡಿದರು. ಇನ್ನೊಂದು ತೊಂದರೆ, ತಂಗಿಗೆ ವಾಸನೆಯೇ ಗೊತ್ತಾಗ್ತಿಲ್ಲ. ಇಂಗಿನ ಡಬ್ಬಿ ಮೂಗಿಗೆ ಹಿಡಿದರೂ ಏನೂ ಇಲ್ಲ ಅಂತಾಳೆ. ಊಟ ಮಣ್ಣು ತಿಂದ ಹಾಗಿದೆ ಅಂತ ಅಳು.

ಜೋಳದರೊಟ್ಟಿ
ವಿಜಯಪುರದಿಂದ. ವಾಸನಿ ಹೋದಾಗ ನನ್ನ ಕೈ ಹಿಡಿದದ್ದು ಖಾರ, ಹುಳಿ ಮತ್ತು ಕುರುಂ ಕುರುಂ ಅನ್ನೋದು. ನಾಲಿಗೆಗೆ ಹುಳಿ, ಉಪ್ಪು, ಖಾರ ಅಷ್ಟಿಷ್ಟು ತಿಳೀತದ. ಕಟಕ್ ರೊಟ್ಟಿ ಮುರಿದು, ಗಟ್ಟಿ ಮೊಸರು, ಶೇಂಗಾ ಹಿಂಡಿ, ಮ್ಯಾಲೆ ಹಸಿ ಉಳ್ಳಾಗಡ್ಡಿ, ಸೌತಿಕಾಯಿ. ಹಲ್ಲಿಗೆ ಕೆಲಸ ಸಿಕ್ಕರೆ ತಿಂದ ಸಮಾಧಾನ ಆಗ್ತದ. ಮೆತ್ತನ್ನ ಅನ್ನ ಸಾರು ಮಾತ್ರ ಆ ಹೊತ್ತಿನಾಗ ಬ್ಯಾಡ್ರಿ, ಗಂಟಲಾಗ ಇಳಿಯೋದಿಲ್ಲ.

ಬಿಳಿಕೋಟು
ಜೋಳದರೊಟ್ಟಿ ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಉಪ್ಪಿನಕಾಯಿ ಮಾತ್ರ ಹಿಡಿತದಲ್ಲಿರಲಿ, ಬಿಪಿ ಇರೋರ ಮನೆ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂ ಒಳಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅಂದರೆ ಒಂದು ಟೀ ಚಮಚ.

ಹೆಚ್ಚಿನವರಿಗೆ ವಾಸನೆ ಕೆಲವು ವಾರದಲ್ಲಿ ವಾಪಸ್ ಬರುತ್ತೆ. ಬರದೇ ಇದ್ದರೆ ಮೂಗಿಗೆ ಅಭ್ಯಾಸ ಕೊಡೋ ಪದ್ಧತಿ ಒಂದಿದೆ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ. ಒಂದೊಂದನ್ನೂ ಸ್ವಲ್ಪ ಹೊತ್ತು ಮೂಸಿ, ಅದರ ವಾಸನೆ ಹೇಗಿತ್ತು ಅಂತ ನೆನಪು ಮಾಡಿಕೊಳ್ಳೋದು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ, ಮೂರು ತಿಂಗಳು. ಖರ್ಚಿಲ್ಲ, ತೊಂದರೆಯಿಲ್ಲ.

ಇನ್ನೊಂದು ಮಾತು: ವಾಸನೆ ಇಲ್ಲದವರನ್ನು ಅಡುಗೆಮನೆಯಲ್ಲಿ ಒಂಟಿಯಾಗಿ ಬಿಡಬೇಡಿ. ಹಾಲು ಸೀದರೂ ಗೊತ್ತಾಗಲ್ಲ, ಗ್ಯಾಸ್ ಸೋರಿದರೂ ಗೊತ್ತಾಗಲ್ಲ.

ಕುಡ್ಲದ_ಜನ
ನಮ್ಮಲ್ಲಿ ಜ್ವರ ಅಂದರೆ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಅಷ್ಟೇ. ಮಧ್ಯಾಹ್ನ ದೊಡ್ಡಪತ್ರೆ ತಂಬುಳಿ. ಕೊತ್ತಂಬರಿ ಜೀರಿಗೆ ಕಷಾಯಕ್ಕೆ ಹಾಲು, ಚೂರು ಬೆಲ್ಲ ಹಾಕಿ ಕುಡೀತೇವೆ, ಅದು ಔಷಧಿ ಅಂತ ಅಲ್ಲ, ಕಾಫಿ ಬದಲಿಗೆ. ಮೆಣಸು, ಶುಂಠಿ, ಚಕ್ಕೆ ಎಲ್ಲ ಸೇರಿಸಿ ಕಪ್ಪಗೆ ಕುದಿಸಿ ಖಾಲಿ ಹೊಟ್ಟೆಗೆ ಸುರಿದುಕೊಳ್ಳೋದು ಯಾವಾಗ ಶುರುವಾಯಿತೋ ಮಾರಾಯ್ರೆ. ನಮ್ಮ ಮಾವನಿಗೆ ಕೋವಿಡ್ ಬೇಗ ಹೋಯಿತು, ಹೊಟ್ಟೆ ಉರಿ ತಿಂಗಳುಗಟ್ಟಲೆ ಉಳೀತು.

ಲೆಕ್ಕದ_ಮೇಷ್ಟ್ರು
ಆ ಕ್ಷಾರದ ಪಟ್ಟಿ ನನ್ನ ಕೈಗೂ ಬಂದಿತ್ತು. ನಿಂಬೆಹಣ್ಣಿನ ಪಿಎಚ್ (ಹುಳಿಯೋ ಕ್ಷಾರವೋ ಅನ್ನೋ ಅಳತೆ, 7ಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ) 9.9, ಬೆಣ್ಣೆಹಣ್ಣಿನದು 15.6 ಅಂತೆ! ಸಾಮಾನ್ಯ ಬಳಕೆಯ ಪಿಎಚ್ ಅಳತೆ ಸೊನ್ನೆಯಿಂದ 14ರವರೆಗೆ. ನಿಂಬೆರಸದ್ದು 2ರಿಂದ 3ರ ಮಧ್ಯೆ, ಅಪ್ಪಟ ಹುಳಿ. ಹೈಸ್ಕೂಲ್ ಮಕ್ಕಳು ಲಿಟ್ಮಸ್ ಅದ್ದಿ ನೋಡಿದರೆ ಗೊತ್ತಾಗುತ್ತೆ. ಏನೇ ತಿಂದರೂ ರಕ್ತದ ಪಿಎಚ್ 7.4ರ ಹತ್ತಿರವೇ ಇರುತ್ತೆ, ಶ್ವಾಸಕೋಶ ಮತ್ತು ಮೂತ್ರಪಿಂಡ ಅದನ್ನು ನೋಡಿಕೊಳ್ಳುತ್ತವೆ. ಕಳಿಸಿದವರು ನಿವೃತ್ತ ವಿಜ್ಞಾನ ಶಿಕ್ಷಕರು. ನನಗೆ ಬೇಜಾರಾಗಿದ್ದು ಅದಕ್ಕೆ.

ಹಳ್ಳಿಮೇಷ್ಟ್ರ_ಮಗ
ಬೆಣ್ಣೆಹಣ್ಣು 15.6 😂😂

ನಿರ್ವಾಹಕ
ಈ ಚರ್ಚೆಯಲ್ಲಿ ಮೂಗಿಗೆ ನಿಂಬೆರಸ ಬಿಡೋ ವಿಡಿಯೊ ಹಾಕಿದ್ದ ಎರಡು ಉತ್ತರ ಅಳಿಸಿದ್ದೇವೆ. ಇನ್ನೊಮ್ಮೆ ಹಾಕಿದರೆ ಖಾತೆ ಬಂದ್. ಬಿಸಿನೀರಿನ ಹಬೆ ಬಗ್ಗೆ ಬರೆಯೋರು ಸುಟ್ಟಗಾಯದ ಎಚ್ಚರಿಕೆಯನ್ನೂ ಬರೆಯಿರಿ, ಮಕ್ಕಳಿರೋ ಮನೆಗಳಿವೆ.

ಹತ್ತುಗಂಟೆ_ಪಾಸ್
ಕಿವಿ ಹಣ್ಣಿನ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಏರಿಯಾದಲ್ಲಿ ಒಂದಕ್ಕೆ ನಲವತ್ತು ರೂಪಾಯಿ ಹೇಳ್ತಿದ್ದಾನೆ. ವಿಟಮಿನ್ ಸಿ ಬೇಕು ಅಂದರೆ ಕೊಳ್ಳಲೇಬೇಕಾ?

ಬಿಳಿಕೋಟು
ಬೇಡವೇ ಬೇಡ. ಸೀಬೆಹಣ್ಣಿನಲ್ಲಿ ಕಿವಿಗಿಂತ ಎರಡು ಪಟ್ಟು ಹೆಚ್ಚು ಇದೆ, ನೂರು ಗ್ರಾಮಿಗೆ 200 ಮಿಲಿಗ್ರಾಂ ಸುಮಾರು. ನೆಲ್ಲಿಕಾಯಿ ಅದಕ್ಕೂ ಮೇಲೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಕಾರ ದೊಡ್ಡ ಗಂಡಸಿಗೆ ದಿನಕ್ಕೆ ಬೇಕಾಗಿರೋದು 80 ಮಿಲಿಗ್ರಾಂ, ಹೆಂಗಸಿಗೆ 65. ಒಂದು ಸೀಬೆಕಾಯಿಗೆ ಮುಗೀತು. ಸಿಗದಿದ್ದರೆ ಊಟದ ಮೇಲೆ ನಿಂಬೆ ಹಿಂಡಿ, ನುಗ್ಗೆಸೊಪ್ಪಿನ ಪಲ್ಯ ಮಾಡಿ.

ಕೂಲಿ_ಲೆಕ್ಕ
ಎಲ್ಲ ಓದಿದೆ. ಕಿವಿ, ಬೆಣ್ಣೆಹಣ್ಣು, ನಾಟಿಕೋಳಿ, ತುಪ್ಪ, ಎಳನೀರು. ನಮ್ಮ ಬಡಾವಣೆ ಹಿಂದಿನ ಶೆಡ್‌ಗಳಲ್ಲಿ ಯಾದಗಿರಿ, ರಾಯಚೂರಿನಿಂದ ಬಂದ ಗಾರೆ ಕೆಲಸದವರಿದ್ದಾರೆ. ಕೆಲಸ ನಿಂತಿದೆ. ಎರಡು ಹೊತ್ತು ಅನ್ನ, ಹಸಿಮೆಣಸಿನಕಾಯಿ ಖಾರ. ಸೂರ್ಯಕಾಂತಿ ಎಣ್ಣೆ ಲೀಟರಿಗೆ 170 ದಾಟಿದೆ. ಅವರಿಗೆ ಪ್ರೋಟೀನ್ ಲೆಕ್ಕ ಯಾರು ಹೇಳ್ತಾರೆ? ರೋಗ ನಿರೋಧಕ ಶಕ್ತಿ ಅನ್ನೋದು ಸಂಬಳ ಬರೋರ ಮಾತಾಗಿಬಿಟ್ಟಿದೆ.

ಹತ್ತುಗಂಟೆ_ಪಾಸ್
ಇಲ್ಲಿ ಅವರು ಕೇಳಿದ್ದು ಮನೆಯವರಿಗೆ ಏನು ಕೊಡಬೇಕು ಅಂತ. ರಾಜಕೀಯ ಯಾಕೆ ತರ್ತೀರಿ?

ಕೂಲಿ_ಲೆಕ್ಕ
ಹಸಿವು ರಾಜಕೀಯ ಅಲ್ಲ ಸ್ವಾಮಿ.

ಮಂಡ್ಯದ_ಹೈದ
ಕೂಲಿ_ಲೆಕ್ಕ ಹೇಳೋದು ನಿಜ. ಕೇಂದ್ರದ್ದು ತಲೆಗೆ 5 ಕೆಜಿ ಧಾನ್ಯ ಈ ಎರಡು ತಿಂಗಳು ಪುಕ್ಕಟೆ ಇದೆ. ಆದರೆ ಕಾರ್ಡ್ ಊರಲ್ಲಿ, ಜನ ಬೆಂಗಳೂರಲ್ಲಿ. ಒಂದು ದೇಶ ಒಂದು ಪಡಿತರ ಚೀಟಿ ಅಂತ ಯೋಜನೆ ಇದೆ, ಎಲ್ಲಿ ಬೇಕಾದರೂ ತಗೋಬಹುದು, ಅದು ಎಷ್ಟು ಜನಕ್ಕೆ ಗೊತ್ತು? ಅಂಗಡಿಯವನು ಬೆರಳಚ್ಚು ಬರ್ತಿಲ್ಲ ಅಂದರೆ ಮುಗೀತು. ಇಂದಿರಾ ಕ್ಯಾಂಟೀನ್‌ನಲ್ಲಿ ಈಗ ದುಡ್ಡಿಲ್ಲದೆ ಊಟ ಕೊಡ್ತಿದ್ದಾರೆ, ಅವರಿಗೆ ತಿಳಿಸಿ.

ಬಿಳಿಕೋಟು
@ಕೂಲಿ_ಲೆಕ್ಕ ನೀವು ಕೇಳಿದ್ದು ಸರಿಯಾಗಿದೆ. ಕೈಲಾದವರು ಆ ಶೆಡ್‌ಗಳಿಗೆ ಅಕ್ಕಿ ಕೊಡೋ ಬದಲು ಹುರುಳಿಕಾಳು, ಕಡಲೆಬೀಜ, ಸೋಯಾ ಉಂಡೆ, ಎಣ್ಣೆ, ಮೊಟ್ಟೆ ಕೊಡಿ. ಅಕ್ಕಿ ಹೇಗೋ ಬರುತ್ತೆ, ಬರದೇ ಇರೋದು ಇವು. ಸೋಯಾ ಉಂಡೆಯಲ್ಲಿ ತೂಕದ ಅರ್ಧದಷ್ಟು ಪ್ರೋಟೀನ್ ಇದೆ. ಕೆಡೋದಿಲ್ಲ, ಫ್ರಿಜ್ ಬೇಡ. ಶಾಲೆ, ಅಂಗನವಾಡಿ ಬಾಗಿಲು ಹಾಕಿರೋದರಿಂದ ಮಕ್ಕಳ ಮಧ್ಯಾಹ್ನದ ಬಿಸಿಯೂಟವೂ ನಿಂತಿದೆ. ಧಾನ್ಯ ಮನೆಗೆ ಕೊಟ್ಟರೂ ಅದನ್ನು ಹತ್ತು ಬಾಯಿ ಹಂಚಿಕೊಳ್ಳುತ್ತೆ.

ಕೂಲಿ_ಲೆಕ್ಕ
ಸೋಯಾ ಉಂಡೆ ನನಗೆ ಹೊಳೆದೇ ಇರಲಿಲ್ಲ ಮೇಡಂ. ನಾಳೆ ಬೆಳಗ್ಗೆ ಅಂಗಡಿಯಲ್ಲಿ ಕೇಳ್ತೀನಿ.

ಜೆರ್ಸಿ_ಕನ್ನಡಿಗ
ನ್ಯೂಜೆರ್ಸಿಯಿಂದ. ನಾವಿಲ್ಲಿ ಊರಿನ ಅಪ್ಪ ಅಮ್ಮನಿಗೆ ಝಿಂಕ್, ವಿಟಮಿನ್ ಸಿ ಮಾತ್ರೆ ತರಿಸಿಕೊಡ್ತಿದ್ದೇವೆ. ದಿನಕ್ಕೆ ಎಷ್ಟು ತಗೋಬಹುದು?

ಬಿಳಿಕೋಟು
ಡಾಕ್ಟರು ಬರೆದಷ್ಟು, ಬರೆದಷ್ಟು ದಿನ. ನಿಮ್ಮ ಅಮೆರಿಕದಲ್ಲೇ, ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು ಮನೆಯಲ್ಲಿದ್ದ 214 ಕೋವಿಡ್ ರೋಗಿಗಳ ಮೇಲೆ ಪರೀಕ್ಷೆ ಮಾಡಿ ಈ ಫೆಬ್ರವರಿಯಲ್ಲಿ ಪ್ರಕಟಿಸಿದ್ದಾರೆ. ಜಾಸ್ತಿ ಪ್ರಮಾಣದ ಝಿಂಕ್, ವಿಟಮಿನ್ ಸಿ, ಎರಡೂ ಸೇರಿಸಿ, ಹೇಗೆ ಕೊಟ್ಟರೂ ಗುಣವಾಗೋ ಅವಧಿ ಅಷ್ಟೇನೂ ಕಡಿಮೆಯಾಗಲಿಲ್ಲ. ಝಿಂಕ್ ತಿಂಗಳುಗಟ್ಟಲೆ ಜಾಸ್ತಿ ಹೋದರೆ ತಾಮ್ರದ ಅಂಶ ಕಡಿಮೆಯಾಗುತ್ತೆ, ರಕ್ತಹೀನತೆಯೂ ಬರಬಹುದು. ವಾರಕ್ಕೊಂದು ಅಂತ ಕೊಡೋ 60,000 ಯೂನಿಟ್ ವಿಟಮಿನ್ ಡಿ ಇದೆಯಲ್ಲ, ಅದನ್ನು ದಿನಾ ನುಂಗಿ ಬಂದವರನ್ನು ನಾನೇ ನೋಡಿದ್ದೇನೆ.

ತುಂಗಾತೀರ
ಇವತ್ತಿನ ಸುದ್ದಿ. ಅಪ್ಪ, ತಂಗಿ, ನನಗೆ ಜ್ವರ ಬಿಟ್ಟಿದೆ. ಅಮ್ಮನಿಗೂ ಜ್ವರ ಕಡಿಮೆ, ಆದರೆ ಊಟದ ಮೇಲೆ ಶುಗರ್ ನೋಡಿದರೆ 268. ಯಾವತ್ತೂ ಇಷ್ಟು ಇರಲಿಲ್ಲ. ಪಕ್ಕದ ಮನೆಯವರು ಪ್ರೀತಿಯಿಂದ ದಿನಾ ಎರಡು ಲೋಟ ಮೋಸಂಬಿ ಜ್ಯೂಸ್, ಎಳನೀರು ಬಾಗಿಲಲ್ಲಿಟ್ಟು ಹೋಗ್ತಾರೆ. ಮಾವ ತಂದುಕೊಟ್ಟ ಚ್ಯವನಪ್ರಾಶವೂ ನಡೀತಿದೆ.

ಬಿಳಿಕೋಟು
ಈಗಲೇ ಡಾಕ್ಟರಿಗೆ ಫೋನ್ ಮಾಡಿ. ಸೋಂಕಿನಿಂದಲೇ ಶುಗರ್ ಏರುತ್ತೆ, ಅದರ ಮೇಲೆ ಜ್ಯೂಸ್. ಮಾತ್ರೆಯ ಪ್ರಮಾಣ ಬದಲಿಸಬೇಕಾಗಬಹುದು, ಅದು ಅವರ ಕೆಲಸ. ಜ್ಯೂಸ್ ನಿಲ್ಲಿಸಿ, ಹಣ್ಣನ್ನೇ ಬಿಡಿಸಿ ಅರ್ಧ ಕೊಡಿ. ಚ್ಯವನಪ್ರಾಶ ಬಹುಪಾಲು ಸಕ್ಕರೆ. ನೀರು, ನೀರುಮಜ್ಜಿಗೆ, ಸಾರು ಕುಡೀಲಿ.

ಅಮ್ಮನಿಗೆ ಸ್ಟಿರಾಯ್ಡ್ ಮಾತ್ರೆ ಕೊಟ್ಟಿದ್ದಾರಾ ನೋಡಿ. ಡೆಕ್ಸಾಮೆಥಾಸೋನ್ ಅಂತಲೋ, ಪ್ರೆಡ್ನಿಸೊಲೋನ್ ಅಂತ ಕೊನೆಗೊಳ್ಳೋ ಹೆಸರೋ ಇರುತ್ತೆ. ಬ್ರಿಟನ್ನಿನ ರಿಕವರಿ ಅನ್ನೋ ಕೋವಿಡ್ ಔಷಧಿ ಪರೀಕ್ಷೆಯಲ್ಲಿ ಡೆಕ್ಸಾಮೆಥಾಸೋನ್ ಪ್ರಯೋಜನ ಕಂಡಿದ್ದು ಆಕ್ಸಿಜನ್ ಬೇಕಾದವರಿಗೆ, ಉಳಿದವರಿಗಲ್ಲ. ಶುಗರ್ ಮಾತ್ರ ಎಲ್ಲರಿಗೂ ಏರಿಸುತ್ತೆ. ಕೋವಿಡ್ ಆದವರಿಗೆ ಬರ್ತಿರೋ ಕಪ್ಪು ಶಿಲೀಂಧ್ರ (ಬ್ಲ್ಯಾಕ್ ಫಂಗಸ್) ಸೋಂಕಿನ ಕೇಸುಗಳಲ್ಲಿ ನಾವು ನೋಡ್ತಿರೋದು ಇದೇ, ಹಿಡಿತ ತಪ್ಪಿದ ಶುಗರ್ ಮತ್ತು ಸ್ಟಿರಾಯ್ಡ್. ಇದ್ದರೆ ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ಕೇಳಿ. ಕಣ್ಣಿನ ಸುತ್ತ ಊತ, ಮುಖದ ಒಂದೇ ಕಡೆ ನೋವು, ಮೂಗಿನಿಂದ ಕಪ್ಪಗೆ ಸುರಿದರೆ ಆಸ್ಪತ್ರೆಗೆ ಹೋಗಿ, ಒಂದು ದಿನವೂ ಕಾಯಬೇಡಿ. ಆಕ್ಸಿಜನ್ 94ಕ್ಕಿಂತ ಇಳಿದರೂ ಅಷ್ಟೇ.

ಕಷಾಯಪ್ರಿಯ
ಶುಗರ್ ಇರೋರಿಗೆ ಚ್ಯವನಪ್ರಾಶ ಸಕ್ಕರೆ ಇಲ್ಲದ್ದು ತಗೋಬೇಕು ಅಂತ ಆಯುಷ್‌ನವರೂ ಹೇಳಿದ್ದಾರೆ. ಮೇಡಂ ಮಾತು ಇದರಲ್ಲಿ ಒಪ್ಪುತ್ತೇನೆ. ಮೊಸರಿನ ವಿಷಯ ಒಪ್ಪಲ್ಲ.

ಕುಡ್ಲದ_ಜನ
ಮಜ್ಜಿಗೆ ಆಗ್ತದಾ ನಿಮಗೆ?

ಕಷಾಯಪ್ರಿಯ
ಮಜ್ಜಿಗೆ ಬೇರೆ, ಮೊಸರು ಬೇರೆ.

ಒಗ್ಗರಣೆ_ಅಕ್ಕ
ಈ ಜಗಳ ಇವತ್ತಿಗೆ ಮುಗಿಯಲ್ಲ 🙏 ಯಾರಾದರೂ ಹೇಳಿ, ತರಕಾರಿಯನ್ನು ಇನ್ನೂ ಸೋಪಿನ ನೀರಲ್ಲಿ ತೊಳೀತಿದ್ದೀರಾ? ನಮ್ಮತ್ತೆ ಬಿಡ್ತಾನೇ ಇಲ್ಲ. ಮೊನ್ನೆ ಹೂಕೋಸು ತಿಂದರೆ ಪಾತ್ರೆ ತೊಳೆಯೋ ಪುಡಿಯ ರುಚಿ.

ಲೆಕ್ಕದ_ಮೇಷ್ಟ್ರು
ಸೋಪು ಬೇಡ. ಹರಿಯೋ ನೀರಲ್ಲಿ ಕೈಯಿಂದ ಉಜ್ಜಿ ತೊಳೆದರೆ ಸಾಕು. ಇದು ಮುಖ್ಯವಾಗಿ ಉಸಿರಿನಿಂದ ಹರಡೋ ಕಾಯಿಲೆ. ಹೂಕೋಸು ತೊಳೆದು ತೊಳೆದು, ಮಾಸ್ಕ್ ಗಲ್ಲಕ್ಕೆ ಇಳಿಸಿಕೊಂಡು ತರಕಾರಿ ಗಾಡಿಯವನ ಹತ್ತಿರ ಚೌಕಾಸಿ ಮಾಡಿದರೆ ಏನು ಬಂತು?

ತುಂಗಾತೀರ | 29 ಮೇ 2021
ಎಲ್ಲರೂ ನೆಗೆಟಿವ್. ಡಾಕ್ಟರು ಅಮ್ಮನ ಮಾತ್ರೆ ಬದಲಿಸಿದರು, ಶುಗರ್ ಹತೋಟಿಗೆ ಬಂತು. ಸ್ಟಿರಾಯ್ಡ್ ಕೊಟ್ಟಿರಲಿಲ್ಲ. ಈಗ ಹೊಸ ಕಾಟ. ಅಜ್ಜಿ ಬಾಣಂತಿಗೆ ಕೊಡೋ ಹಾಗೆ ಅಂಟಿನುಂಡೆ, ತುಪ್ಪದ ಅನ್ನ ಕಳಿಸ್ತಿದ್ದಾರೆ. ನಿಶ್ಶಕ್ತಿಗೆ ಒಳ್ಳೇದಾ? ಮೆಟ್ಟಿಲು ಹತ್ತಿದರೆ ಎದೆ ಡವಡವ ಅನ್ನುತ್ತೆ.

ಬಿಳಿಕೋಟು
ನೆಮ್ಮದಿಯ ಸುದ್ದಿ! ಅಂಟಿನುಂಡೆ ತಂಗಿಗೆ ಕೊಡಿ, ಅಮ್ಮನಿಗೆ ಬೇಡ. ನಿಶ್ಶಕ್ತಿ ಹೋಗೋದು ಬೇಳೆ, ಕಾಳು, ಮೊಟ್ಟೆ ಜೊತೆಗೆ ನಿಧಾನವಾದ ನಡಿಗೆಯಿಂದ. ಮನೆಯೊಳಗೇ ಶುರು ಮಾಡಿ, ಆಯಾಸವಾದರೆ ಕೂತುಬಿಡಿ. ಎದೆಬಡಿತ ಹೀಗೇ ಇದ್ದರೆ ಒಂದು ಸಲ ತೋರಿಸಿ.

ಹಳ್ಳಿಮೇಷ್ಟ್ರ_ಮಗ | ಆಗಸ್ಟ್ 2021
ಹಳೇ ಚರ್ಚೆ ಎತ್ತಿದ್ದಕ್ಕೆ ಕ್ಷಮಿಸಿ. ಅಮೃತಬಳ್ಳಿ ದಿನಾ ಕುಡಿದವರಲ್ಲಿ ಪಿತ್ತಜನಕಾಂಗಕ್ಕೆ ಪೆಟ್ಟಾಗಿದೆ ಅಂತ ಮುಂಬೈ ಡಾಕ್ಟರುಗಳು ವರದಿ ಮಾಡಿದ್ದಾರೆ. ಆಯುಷ್ ಸಚಿವಾಲಯ ಅದನ್ನು ಒಪ್ಪಿಲ್ಲ. ಕಷಾಯಪ್ರಿಯ ಅವರು ಇನ್ನೂ ಕುಡೀತಿದ್ದಾರಾ?

ಕಷಾಯಪ್ರಿಯ
ಆರು ಜನರ ವರದಿ ಅದು. ಕುಡೀತಿದ್ದೇನೆ, ವಾರಕ್ಕೆ ಎರಡು ಸಲ. ಹೆಂಡತಿ ಅತಿಮಧುರದ ಡಬ್ಬಿ ಎಲ್ಲೋ ಬಚ್ಚಿಟ್ಟಿದ್ದಾಳೆ.

ಕುಡ್ಲದ_ಜನ
ಮೊಸರು?

ಕಷಾಯಪ್ರಿಯ
ಮಧ್ಯಾಹ್ನ ಮಾತ್ರ.